ಅರಿವನ್ನರಸಿ ಹೊರಟ ಶಿಕ್ಷಕ: ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಮಠಗಳಲ್ಲಿ, ಮಠಗಳು ನಡೆಸುವ ವಿದ್ಯಾಲಯಗಳಲ್ಲಿ, ಭಕ್ತರ ಮನೆಯ ದೇವರ ಕೋಣೆಗಳಲ್ಲಿ ಒಂದು ಭಾವಚಿತ್ರವನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮೈಮೇಲೆ ಕಾವಿ. ಕಣ್ಣುಗಳಲ್ಲಿ ಮಾತ್ರ ಏನನ್ನೋ ಇನ್ನೂ ಹುಡುಕುತ್ತಿರುವ ನೋಟ. ಆ ಚಿತ್ರ ಲಿಂಗೈಕ್ಯ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳದು. ಶಿವಯೋಗಮಂದಿರದ ಸ್ಥಾಪಕರೆಂದು, ಸಮಾಜೋದ್ಧಾರಕರೆಂದು, ಕಾರಣಿಕ ಪುರುಷರೆಂದು ಅವರನ್ನು ನಾವು ಕೊಂಡಾಡುತ್ತೇವೆ. ಆದರೆ ಈ ಮಹಾಪುರುಷರು ಒಂದು ಕಾಲಕ್ಕೆ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಒಬ್ಬ ಬಡ ವಿದ್ಯಾರ್ಥಿಯಾಗಿದ್ದರು, ಹಳ್ಳಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಸಾಮಾನ್ಯ ಶಿಕ್ಷಕರಾಗಿದ್ದರು ಎಂಬುದನ್ನು ಮರೆತೇಬಿಡುತ್ತೇವೆ. ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಅವರನ್ನು ನೆನೆಯುವಾಗ ಪೀಠವನ್ನೇರಿದ ಸ್ವಾಮಿಗಳನ್ನು ಮಾತ್ರವಲ್ಲ, ಬದುಕಿನ ಅರ್ಥವೇನೆಂದು ತಿಳಿಯದೆ ಊರು ಬಿಟ್ಟು ಹೊರಟ ಆ ತರುಣನನ್ನೂ ನೆನೆಯುವುದು ಉಚಿತ.

ಕುಮಾರ ಶಿವಯೋಗಿಗಳು ಜನಿಸಿದ್ದು 1867ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೂ ಇಂದಿನ ಹಾವೇರಿ ಜಿಲ್ಲೆಗೂ ಸೇರಿದ ರಾಣೆಬೆನ್ನೂರ ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು. ಜಂಗಮ ಮನೆತನ, ಆಚಾರದ ಸಿರಿಯಿತ್ತು, ಹಣದ ಸಿರಿಯಿರಲಿಲ್ಲ. ಮಗುವಿಗಿಟ್ಟ ಹೆಸರು ಹಾಲಯ್ಯ.

ಆ ಕಾಲದ ನಾಡಿನ ಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಕನ್ನಡ ನಾಡು ಹಲವು ಆಳ್ವಿಕೆಗಳಲ್ಲಿ ಹರಿದು ಹಂಚಿಹೋಗಿತ್ತು. ಗದಗು ಮುಂಬಯಿ ಇಲಾಖೆಯಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ನಿಜಾಮರ ಸೀಮೆ, ತುಂಗಭದ್ರೆಯನ್ನು ದಾಟಿದರೆ ಮದರಾಸು ಇಲಾಖೆ. ಹೀಗೆ ಒಂದು ದಿನದ ದಾರಿಯಲ್ಲಿ ಮೂರು ನಾಲ್ಕು ಸರಕಾರಗಳು. ಹಳ್ಳಿಗಳಲ್ಲಿ ವಿದ್ಯೆ ವಿರಳ; ಮಠಗಳಲ್ಲಿಯೂ ಶಾಸ್ತ್ರವ್ಯಾಸಂಗ ಕ್ಷೀಣಿಸಿತ್ತು. ಹಾಲಯ್ಯ ಒಂಬತ್ತು ಹತ್ತು ವರ್ಷದವನಿದ್ದಾಗ, 1876-77ರಲ್ಲಿ, ಘೋರ ಕ್ಷಾಮ ಈ ಭಾಗವನ್ನು ಸುಟ್ಟಿತು. ಹಗೇವುಗಳು ಬರಿದಾದವು, ದನಕರುಗಳು ಸತ್ತವು, ಜನ ಊರು ತೊರೆದು ಗುಳೆ ಹೋದರು. ಅನ್ನವೆಂದರೇನೆಂಬುದನ್ನು ಆ ತಲೆಮಾರಿನ ಮಕ್ಕಳಿಗೆ ಯಾರೂ ಪಾಠ ಹೇಳಿ ತಿಳಿಸಬೇಕಾಗಿರಲಿಲ್ಲ.

ಬಡತನದ ನಡುವೆಯೂ ಬಾಲಕ ಹಾಲಯ್ಯ ಓದಿನಲ್ಲಿ ಆಸಕ್ತಿಯನ್ನು ಬಿಡಲಿಲ್ಲ. ಕಜ್ಜರಿ ಗ್ರಾಮದಲ್ಲಿ ಕನ್ನಡ ಶಾಲೆಯ ಅಭ್ಯಾಸವನ್ನು ಮುಂದುವರಿಸಿ ಧಾರವಾಡದಲ್ಲಿ ಮುಲ್ಕಿ ಪರೀಕ್ಷೆಗೆ ಕುಳಿತನು. ಅಂದು ಮುಲ್ಕಿ ಪರೀಕ್ಷೆಯೆಂದರೆ ಹಳ್ಳಿಯ ಹುಡುಗನೊಬ್ಬನಿಗೆ ಬದುಕಿನ ಹೆಬ್ಬಾಗಿಲು. ಅದನ್ನು ದಾಟಿದವನಿಗೆ ಶಾಲೆಯ ಮಾಸ್ತರಿಕೆಯೋ ಕಚೇರಿಯ ಕಾರಕೂನಿಕೆಯೋ ದೊರೆತು ಮನೆತನ ನೆಲೆಗೊಳ್ಳುತ್ತಿತ್ತು. ಹಾಲಯ್ಯನಿಗೆ ಆ ಬಾಗಿಲು ತೆರೆಯಲಿಲ್ಲ. ಪರೀಕ್ಷೆಯಲ್ಲಿ ಯಶಸ್ಸು ದೊರೆಯಲಿಲ್ಲ.

ಇಂದು ಪರೀಕ್ಷೆಯ ಫಲಿತಾಂಶವೊಂದರಿಂದಲೇ ತಮ್ಮ ಯೋಗ್ಯತೆಯನ್ನು ಅಳೆದುಕೊಂಡು ಎದೆಗುಂದುವ ಮಕ್ಕಳು ನಮ್ಮ ಶಾಲೆಗಳಲ್ಲಿಯೂ ಇದ್ದಾರೆ. ಅವರಿಗೆ ಈ ಪ್ರಸಂಗವನ್ನು ಅವಶ್ಯವಾಗಿ ಹೇಳಬೇಕು. ಹಾಲಯ್ಯ ಸೋತು ಕೈಕಟ್ಟಿ ಕೂರಲಿಲ್ಲ. ತಾಯಿಯ ತವರೂರಾದ ಲಿಂಗದಹಳ್ಳಿಗೆ ಬಂದು ಅಲ್ಲಿಯ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಸರಕಾರದ ಮುದ್ರೆಯಿಲ್ಲದ ಶಿಕ್ಷಕರಾದರೂ ಊರವರ ಪಾಲಿಗೆ ಅವರು ನಿಜವಾದ ಅಯ್ಯನವರಾದರು.

ಬೇರೊಬ್ಬರಾಗಿದ್ದರೆ ಅಷ್ಟಕ್ಕೆ ತೃಪ್ತಿಪಡುತ್ತಿದ್ದರೇನೋ. ಹಾಲಯ್ಯನವರಲ್ಲಿ ಮಾತ್ರ ಒಳಗಿನ ತಳಮಳ ನಿಲ್ಲಲಿಲ್ಲ. ಹಗಲು ಮಕ್ಕಳಿಗೆ ಪಾಠ, ಉಳಿದ ವೇಳೆಯಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗ್ರಂಥಗಳ ಮನನ. ಹದಿನೈದನೆಯ ಶತಮಾನದ ನಿಜಗುಣರು ಸಂಸ್ಕೃತದಲ್ಲಿ ಅಡಗಿದ್ದ ವೇದಾಂತದ ತತ್ತ್ವವನ್ನು ಕನ್ನಡದ ಹಾಡು ಗದ್ಯಗಳಿಗಿಳಿಸಿದ ಮಹಾನುಭಾವರು. ಅವರ ಕೈವಲ್ಯ ಪದ್ಧತಿ ಉತ್ತರ ಕರ್ನಾಟಕದ ಮಠ ಮಂದಿರಗಳಲ್ಲಿ ಭಜನೆಯಾಗಿ ಹರಿದರೆ, ವಿವೇಕ ಚಿಂತಾಮಣಿ ಶಾಸ್ತ್ರಜ್ಞಾನದ ಕೋಶವೇ ಆಗಿ ಜಿಜ್ಞಾಸುಗಳ ಕೈ ಸೇರಿತ್ತು. ಪುಸ್ತಕವನ್ನು ಓದುವುದು ಬೇರೆ, ಅದು ಹೇಳುವ ಅರಿವು ತನ್ನದಾಗುವುದು ಬೇರೆ ಎಂಬ ಎಚ್ಚರ ಆ ತರುಣ ಶಿಕ್ಷಕರಲ್ಲಿ ಮೂಡಿತು. ನಾನು ಯಾರು, ಈ ದೇಹಕ್ಕೂ ನನಗೂ ಏನು ಸಂಬಂಧ, ಸಾವಿನಾಚೆಗೆ ಉಳಿಯುವುದೇನು ಎಂಬ ಪ್ರಶ್ನೆಗಳಿಗೆ ಬೇರೆಯವರ ಉತ್ತರಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಅವರಿಗೆ ಸಾಲದಾಯಿತು. ಗಳಿಸಿ ಉಳಿಸಿದ್ದ ಹಣವನ್ನು ತಾಯಿಯ ಕೈಗಿತ್ತು ಅವರು ಮನೆಯನ್ನು ಬಿಟ್ಟು ಹೊರಟರೆಂದು ಚರಿತ್ರಕಾರರು ತಿಳಿಸುತ್ತಾರೆ. ಮಗನ ಮೇಲೆ ಭರವಸೆಯಿಟ್ಟಿದ್ದ ಬಡ ತಾಯಿಗೆ ಆ ಹಣ ಸಮಾಧಾನವಾಗಿರಲಾರದು. ವಿರಕ್ತಿಯ ಹಾದಿ ಹಿಡಿದವರ ಚರಿತ್ರೆಗಳಲ್ಲಿ ಮನೆಯಲ್ಲುಳಿದವರ ಕಣ್ಣೀರಿಗೆ ಸ್ಥಳ ಕಡಮೆ; ಆದರೂ ಆ ಋಣವನ್ನು ನಾವು ಮರೆಯಬಾರದು.

ಅರಿವನ್ನರಸುವವರಿಗೆ ಅಂದು ಹುಬ್ಬಳ್ಳಿ ಒಂದು ದೊಡ್ಡ ಆಕರ್ಷಣೆ. ಶ್ರೀ ಸಿದ್ಧಾರೂಢರು ಅಲ್ಲಿ ನೆಲೆಸಿ, ಜಾತಿಮತಗಳನ್ನೆಣಿಸದೆ ಬಂದವರಿಗೆಲ್ಲ ಅದ್ವೈತದ ಬೋಧೆಯನ್ನು ಕರುಣಿಸುತ್ತಿದ್ದರು. ನಿಜಗುಣರ ಶಾಸ್ತ್ರಗಳ ಮೇಲೆ ಅವರು ಮಾಡುತ್ತಿದ್ದ ನಿರೂಪಣೆಯನ್ನು ಕೇಳಲು ದೂರದೂರದಿಂದ ಸಾಧಕರು ಬರುತ್ತಿದ್ದರು. ಹಾಲಯ್ಯನವರೂ ಆ ಸನ್ನಿಧಿಯನ್ನು ಸೇರಿ, ಶ್ರದ್ಧೆಯಿಂದ ಶ್ರವಣ ಮಾಡಿದರು. ತಾನು ದೇಹವಲ್ಲ, ಮನವಲ್ಲ, ಶುದ್ಧ ಚೈತನ್ಯವೇ ಆಗಿದ್ದೇನೆಂಬ ಸೋಹಂ ಭಾವದ ವಿಚಾರ ಅವರ ಬುದ್ಧಿಯನ್ನು ಹರಿತಗೊಳಿಸಿತು.

ಆದರೆ ಅಲ್ಲಿಯೇ ಅವರ ಬಾಳಿನ ದೊಡ್ಡ ಸಂದೇಹವೂ ತಲೆಯೆತ್ತಿತು. ಅದ್ವೈತದ ದೃಷ್ಟಿಯಲ್ಲಿ ಆತ್ಮಜ್ಞಾನ ಉದಯಿಸಿದವನಿಗೆ ಹೊರಗಿನ ಕುರುಹುಗಳ ಕಟ್ಟು ಉಳಿಯದು. ಹಾಗಾದರೆ ಹುಟ್ಟಿದಂದಿನಿಂದ ಎದೆಯ ಮೇಲೆ ಧರಿಸಿಕೊಂಡು ಬಂದ ಇಷ್ಟಲಿಂಗದ ಗತಿಯೇನು? ಅದು ದಡ ಸೇರಿದ ಮೇಲೆ ಬಿಡಬೇಕಾದ ಹರಿಗೋಲೋ, ಅಥವಾ ಕಡೆಯವರೆಗೂ ಬೆಳೆಯುತ್ತಲೇ ಹೋಗುವ ಸಂಬಂಧವೋ? ನಿಜಗುಣರ ಅದೇ ಗ್ರಂಥಗಳನ್ನು ವೇದಾಂತಿಗಳು ಒಂದು ಬಗೆಯಲ್ಲಿ ಓದಿದರೆ, ಶರಣ ಪರಂಪರೆಯವರು ಶಿವಾದ್ವೈತದ ಬೆಳಕಿನಲ್ಲಿ ಇನ್ನೊಂದು ಬಗೆಯಲ್ಲಿ ಓದುತ್ತಿದ್ದರು. ಎರಡು ಓದುಗಳ ನಡುವೆ ಸಿಕ್ಕ ಈ ಸಾಧಕನಿಗೆ ಇದು ಪಂಡಿತರ ವಾದವಾಗಿರಲಿಲ್ಲ. ಪ್ರತಿದಿನದ ಪೂಜೆಗೆ ಕುಳಿತಾಗ ಅಂಗೈಯಲ್ಲಿಯೇ ಎದುರಾಗುವ ಪ್ರಶ್ನೆಯಾಗಿತ್ತು.

ಮಹಾಗುರುವಿನ ಸನ್ನಿಧಿಯಲ್ಲಿದ್ದು, ಎಲ್ಲರೂ ಧನ್ಯರಾದೆವೆನ್ನುವಾಗ ತನಗೆ ಒಪ್ಪಿಗೆಯಾಗದ್ದನ್ನು ಒಪ್ಪಿದಂತೆ ನಟಿಸದಿರುವುದು ಸಣ್ಣ ಧೈರ್ಯವಲ್ಲ. ಹಾಲಯ್ಯನವರು ಆ ಧೈರ್ಯವನ್ನು ತೋರಿದರು. ತಾವು ಕೇಳಿದ ಜ್ಞಾನವನ್ನು ತಿರಸ್ಕರಿಸದೆ, ತಮ್ಮ ಸಂದೇಹವನ್ನೂ ಮುಚ್ಚಿಡದೆ ಹುಬ್ಬಳ್ಳಿಯನ್ನು ಬಿಟ್ಟರು. ಎಮ್ಮಿಗನೂರಿನ ಜಡೆಯ ಸಿದ್ಧರ ಕೃಪೆಯೂ ಮಾರ್ಗದರ್ಶನವೂ ಅವರಿಗೆ ದೊರೆತವು. ಕೊನೆಗೆ ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳಲ್ಲಿ ಅವರು ತಮ್ಮ ಗುರುವನ್ನು ಕಂಡರು.

ಬಸವಲಿಂಗ ಸ್ವಾಮಿಗಳು ಶಾಸ್ತ್ರವನ್ನು ಬಲ್ಲವರು, ಅದಕ್ಕಿಂತ ಮಿಗಿಲಾಗಿ ಶಿವಯೋಗವನ್ನು ಬಾಳಿದವರು. ಗುರುವಿನೊಡನೆ ಶಿಷ್ಯರು ನಿಜಗುಣ ಶಿವಯೋಗಿಗಳ ತಪೋಭೂಮಿಯಾದ ಶಂಭುಲಿಂಗನ ಬೆಟ್ಟದಲ್ಲಿ ಸಾಧನೆಗೈದರು. ಯಾರ ಗ್ರಂಥಗಳನ್ನು ಲಿಂಗದಹಳ್ಳಿಯಲ್ಲಿ ಓದಿದ್ದರೋ ಅವರೇ ತಪಗೈದ ನೆಲದಲ್ಲಿ ಆ ಗ್ರಂಥಗಳ ಅರ್ಥ ಅವರಿಗೆ ಬಿಚ್ಚಿಕೊಂಡಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಟ್ಟು, ಉಸಿರನ್ನು ಸಮಗೊಳಿಸಿ, ನೋಡುವವನೂ ನೋಟವೂ ನೋಡಲ್ಪಡುವುದೂ ಒಂದಾಗುವ ಸಾಧನೆಯೇ ಶಿವಯೋಗ. ಇದರಲ್ಲಿ ಲಿಂಗವು ದಾಟಿ ಬಿಡುವ ಸಾಧನವಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳಲ್ಲಿ ಸಾಧಕನೊಡನೆ ತಾನೂ ಸೂಕ್ಷ್ಮವಾಗುತ್ತ, ಕಡೆಗೆ ಅಂಗವೂ ಲಿಂಗವೂ ಸಮರಸವಾಗುವ ಪರಿ. ಹುಬ್ಬಳ್ಳಿಯಲ್ಲಿ ಎದ್ದ ಪ್ರಶ್ನೆಗೆ ಉತ್ತರ ವಾದದಲ್ಲಿ ದೊರೆಯಲಿಲ್ಲ, ಅನುಷ್ಠಾನದಲ್ಲಿ ದೊರೆಯಿತು.

ಇಂದು ಬದುಕಿನ ಅರ್ಥವನ್ನು ಹುಡುಕುತ್ತ ಸಮುದ್ರಗಳನ್ನು ದಾಟಿ ಭಾರತಕ್ಕೆ ಬರುವವರಿದ್ದಾರೆ. ಹಾಲಯ್ಯನವರು ಅಲೆದದ್ದು ರಾಣೆಬೆನ್ನೂರ ಸೀಮೆಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಎಳಂದೂರಿನ ಕಡೆಗೆ. ದಾರಿ ಚಿಕ್ಕದಾದರೂ ಹುಡುಕಾಟ ಚಿಕ್ಕದಾಗಿರಲಿಲ್ಲ. ಅವರಿಗಿಂತ ನಾಲ್ಕು ವರ್ಷ ಮೊದಲು, 1863ರಲ್ಲಿ, ಕಲಕತ್ತೆಯಲ್ಲಿ ಜನಿಸಿದ ಸ್ವಾಮಿ ವಿವೇಕಾನಂದರು ಸಮಾಧಿಸುಖದ ಹಂಬಲದಿಂದ ಹೊರಟು, ಬಡವರ ಸೇವೆಯಲ್ಲಿ ನೆಲೆಗೊಂಡು, 1897ರಲ್ಲಿ ರಾಮಕೃಷ್ಣ ಮಿಷನ್ನನ್ನು ಸ್ಥಾಪಿಸಿದರು. ಅದೇ ಕಾಲದಲ್ಲಿ ಕನ್ನಡ ನಾಡಿನ ಈ ಸಾಧಕರ ಬಾಳಿನಲ್ಲಿಯೂ ಅಂಥದೇ ತಿರುವು ಬಂದಿತು.

ಗುರುವಿನ ಅನುಗ್ರಹವನ್ನು ಪಡೆದ ಹಾಲಯ್ಯನವರು ಸದಾಶಿವ ಸ್ವಾಮಿಗಳೆನಿಸಿ ಹಾನಗಲ್ಲ ವಿರಕ್ತಮಠದ ಅಧಿಕಾರವನ್ನು ವಹಿಸಿಕೊಂಡರು; ಮುಂದೆ ಜನರ ನಾಲಗೆಯಲ್ಲಿ ಕುಮಾರ ಸ್ವಾಮಿಗಳೆಂಬ ಹೆಸರೇ ನೆಲೆನಿಂತಿತು. ಏಕಾಂತವನ್ನು ಬಯಸಿದ ಯೋಗಿಗೆ ಮಠವೆಂದರೆ ಲೋಕದ ಗದ್ದಲ: ಹೊಲಮನೆಗಳ ಲೆಕ್ಕ, ಭಕ್ತರ ವ್ಯಾಜ್ಯ, ಹಸಿದು ಬಂದವರ ಸಾಲು. ಬೆಟ್ಟದ ಮೌನವನ್ನು ಕಂಡುಬಂದವರು ಇದನ್ನು ಹೊರೆಯೆಂದು ಬಗೆದಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಶರಣ ಸಿದ್ಧಾಂತದ ಒಂದು ಮಹಾತತ್ತ್ವ ಅವರ ಕೈ ಹಿಡಿದು ನಡೆಸಿತು. ಅವನೇ ನಾನೆಂಬುದು ಸೋಹಂ. ನಾನು ಆತನ ದಾಸನೆಂಬುದು ದಾಸೋಹಂ. ಮೊದಲನೆಯದರಲ್ಲಿ ಅರಿವಿನ ಎತ್ತರವಿದೆ. ಆದರೆ ಆ ಅರಿವಿಗೆ ಅಹಂಕಾರದ ಸೋಂಕು ತಗಲುವ ಭಯವೂ ಇದೆ. ಎರಡನೆಯದರಲ್ಲಿ ಅದೇ ಅರಿವು ಬಾಗಿ ಸೇವೆಯಾಗುತ್ತದೆ. ಸೋಹಂ ಎಂಬುದನ್ನರಸಿ ಊರು ಬಿಟ್ಟ ಶಿಕ್ಷಕರು ದಾಸೋಹದಲ್ಲಿ ತಮ್ಮ ಉತ್ತರವನ್ನು ಕಂಡುಕೊಂಡರು. ಇದೇ ಅವರ ಬಾಳಿನ ತಿರುಳು. ಅವರು ಕಟ್ಟಿದ ಸಂಸ್ಥೆಗಳೆಲ್ಲ ಈ ತಿರುಳಿನ ಹೊರ ರೂಪಗಳು.

ಸಮಾಜದಲ್ಲಿ ಅಜ್ಞಾನ ಹಾಗೂ ಒಡಕುಗಳನ್ನು ಕಂಡು ಮರುಗಿದ ಅವರು ವಿದ್ಯಾವಂತರನ್ನೂ ಶ್ರೀಮಂತರನ್ನೂ ಮಠಾಧಿಪತಿಗಳನ್ನೂ ಒಂದೇ ವೇದಿಕೆಗೆ ತರಲು ಶ್ರಮಿಸಿದರು. ಅದರ ಫಲವಾಗಿ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಜರುಗಿತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ಅಧ್ಯಕ್ಷತೆ ವಹಿಸಿದರು. ಎರಡೇ ವರ್ಷಗಳಲ್ಲಿ, 1906ರಲ್ಲಿ, ಲಿಂಗೈಕ್ಯರಾದ ಆ ತ್ಯಾಗವೀರರು ತಮ್ಮ ಸಂಪತ್ತನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟುಹೋದ ಸಂಗತಿ ದಾನಿಗಳಿಗೆಲ್ಲ ಆದರ್ಶ. ಮುಂದೆ 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಗೆ ಅಡಿಗಲ್ಲನ್ನಿಟ್ಟರು, 1923ರಲ್ಲಿ ಫ. ಗು. ಹಳಕಟ್ಟಿಯವರ ವಚನ ಶಾಸ್ತ್ರ ಸಾರ ಬೆಳಕು ಕಂಡಿತು. ಇವೆಲ್ಲ ಬೇರೆ ಬೇರೆ ಮಹನೀಯರ ಕಾರ್ಯಗಳಾದರೂ ಅದೇ ಕಾಲದ ಎಚ್ಚರದ ಫಲಗಳು. ಆ ಎಚ್ಚರವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರಲ್ಲಿ ಕುಮಾರ ಸ್ವಾಮಿಗಳು ಅಗ್ರಗಣ್ಯರು.

ಜನರಿಗೆ ದಾರಿ ತೋರಬೇಕಾದ ಸ್ವಾಮಿಗಳೇ ಅವಿದ್ಯಾವಂತರಾದರೆ ಸಮಾಜದ ಗತಿಯೇನು? ಸ್ವಾಮಿತ್ವಕ್ಕೆ ಹುಟ್ಟು ಸಾಲದು, ವೇಷ ಸಾಲದು. ವಿದ್ಯೆ ಬೇಕು, ಯೋಗ ಬೇಕು, ಶೀಲ ಬೇಕು. ಈ ಸಂಕಲ್ಪದಿಂದ 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯಲ್ಲಿ, ಶಿವಯೋಗಮಂದಿರ ಸ್ಥಾಪನೆಯಾಯಿತು. ಇಳಕಲ್ಲಿನ ಶ್ರೀ ವಿಜಯಮಹಾಂತ ಶಿವಯೋಗಿಗಳ ಬೆಂಬಲ ಈ ಕಾರ್ಯಕ್ಕಿತ್ತು. ಮಹಾಕೂಟದ ಗುಡ್ಡಗಳ ನೆರೆಯ ಆ ಕಾಡುಭೂಮಿಯಲ್ಲಿ ಎಳೆಯ ವಟುಗಳು ಬಂದು ಸೇರಿದರು. ಬೆಳಗಿನ ಜಾವ ಎದ್ದು ಇಷ್ಟಲಿಂಗಪೂಜೆ, ಯೋಗಾಸನ. ಬಳಿಕ ಕನ್ನಡ, ಸಂಸ್ಕೃತ, ವಚನಶಾಸ್ತ್ರಗಳ ಅಧ್ಯಯನ. ಸಂಗೀತ ಹಾಗೂ ಪ್ರವಚನಗಳ ಅಭ್ಯಾಸ. ಗೋಶಾಲೆಯಲ್ಲಿ ಹಸುಗಳ ಆರೈಕೆ, ಗೋಮಯದಿಂದ ಶಾಸ್ತ್ರೋಕ್ತ ವಿಭೂತಿಯ ತಯಾರಿಕೆ, ತಾಡವೋಲೆಗಳ ಸಂಗ್ರಹ. ಹೀಗೆ ಕೈಗೆ ಕಾಯಕ, ಬಾಯಿಗೆ ಶಾಸ್ತ್ರ, ಮನಕ್ಕೆ ಯೋಗ ಒಂದೆಡೆ ದೊರೆತವು. ಅಲ್ಲಿ ಪಳಗಿದ ಸಾಧಕರು ನಾಡಿನ ನಾನಾ ಮಠಗಳನ್ನೇರಿ ಪ್ರಸಾದ ನಿಲಯಗಳನ್ನೂ ಶಾಲೆಗಳನ್ನೂ ತೆರೆದರು. ಮುಲ್ಕಿಯಲ್ಲಿ ಸೋತ ವಿದ್ಯಾರ್ಥಿ ಗುರುಗಳನ್ನೇ ತಯಾರಿಸುವ ವಿದ್ಯಾಲಯದ ಕುಲಪತಿಗಳಾದರು.

ನಮ್ಮ ಗದುಗಿಗೆ ಅವರಿಂದ ಸಂದ ಕಾಣಿಕೆಯಂತೂ ಅಮೂಲ್ಯವಾದುದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ, ಗುಡ್ಡಯ್ಯ ಎಂಬ ಅಣ್ಣತಮ್ಮಂದಿರಿದ್ದರು, ಇಬ್ಬರೂ ಅಂಧರು. ಕಣ್ಣಿಲ್ಲದ ಮಕ್ಕಳೆಂದರೆ ಮನೆಗೆ ಹೊರೆ, ಊರಿಗೆ ಮರುಕದ ವಸ್ತು ಎಂಬ ಕಾಲವದು. ಆ ಬಾಲಕರ ಕಂಠದಲ್ಲಿದ್ದ ನಾದವನ್ನು ಕುಮಾರ ಸ್ವಾಮಿಗಳು ಗುರುತಿಸಿದರು. ಅವರನ್ನು ಮಠಕ್ಕೆ ಕರೆತಂದು ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. 1892ರಲ್ಲಿ ಜನಿಸಿದ ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು, ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಮಿರಜಕರರಿಂದ ಹಿಂದುಸ್ತಾನಿ ಸಂಗೀತವನ್ನು ಕಲಿತು, ಉಭಯ ಪದ್ಧತಿಗಳಲ್ಲಿ ಪಾರಂಗತರಾಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ನಾಡೇ ತಲೆಬಾಗುವಂತೆ ಬೆಳೆದರು.

ಪಂಚಾಕ್ಷರಿ ಗವಾಯಿಗಳು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಗುರುವಿನ ಹೆಸರಿನಲ್ಲಿ ಸಂಚಾರಿ ಸಂಗೀತ ಶಾಲೆಯನ್ನು ನಡೆಸುತ್ತ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ತಿರುಗಿದರು. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಆ ಅಲೆಮಾರಿ ಪರಿವಾರಕ್ಕೆ ನೆಲೆ ದೊರೆತು, ಶ್ರೀ ವೀರೇಶ್ವರ ಪುಣ್ಯಾಶ್ರಮ ಮೈದಾಳಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಜ್ಯೋತಿಯನ್ನು ಕಾಪಾಡಿದರು. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯಪರಂಪರೆಯಿಂದ ಹೊಮ್ಮಿದರು. ಶಂಭುಲಿಂಗನ ಬೆಟ್ಟದಲ್ಲಿ ಒಬ್ಬ ಸಾಧಕರು ಕಣ್ಮುಚ್ಚಿ ಕಂಡ ಬೆಳಕು, ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಬಾಲಕರ ಮೂಲಕ ಹಾದು, ಗದುಗಿನಲ್ಲಿ ನೂರಾರು ಮಕ್ಕಳ ಅನ್ನವಾಯಿತು, ಸ್ವರವಾಯಿತು. ಅಧ್ಯಾತ್ಮವೆಂದರೆ ಲೋಕಕ್ಕೆ ಬೆನ್ನು ತಿರುಗಿಸುವುದೆಂದು ತಿಳಿದವರು ಪುಣ್ಯಾಶ್ರಮದ ಅಂಗಳದಲ್ಲಿ ಒಂದು ಸಂಜೆ ನಿಂತು ನೋಡಬೇಕು.

ಇಷ್ಟೆಲ್ಲ ಕಾರ್ಯಕ್ಕೆ ಬೇಕಾದ ದ್ರವ್ಯವೆಲ್ಲಿಂದ ಬಂದಿತು? ಜೋಳಿಗೆಯಿಂದ. ಕುಮಾರ ಸ್ವಾಮಿಗಳು ಊರೂರು ತಿರುಗಿ ಭಿಕ್ಷೆ ಬೇಡಿದರು. ದೇಸಾಯಿಗಳ ವಾಡೆಯ ಮುಂದೆ ನಿಂತಂತೆಯೇ ಒಕ್ಕಲಿಗನ ಕಣದ ಮುಂದೆಯೂ ನಿಂತರು. ಪೀಠಾಧಿಪತಿಯೊಬ್ಬರು ಜೋಳಿಗೆ ಹಿಡಿಯುವುದನ್ನು ಕೆಲವರು ಗೌರವಕ್ಕೆ ಕುಂದೆಂದು ಬಗೆಯಬಹುದು. ಆದರೆ ಬೇಡುವವನಲ್ಲಿ ತನಗಾಗಿ ಎಂಬುದು ಅಳಿದಾಗ ಭಿಕ್ಷೆಯೇ ಒಂದು ಯೋಗವಾಗುತ್ತದೆ. ಕೊಡುವವನಲ್ಲಿ ನಾನು ಕೊಟ್ಟೆನೆಂಬುದು ಅಳಿದಾಗ ದಾನವು ದಾಸೋಹವಾಗುತ್ತದೆ. ನಮ್ಮ ಸೀಮೆಯ ಶಾಲೆಗಳ ಗೋಡೆಗಳಲ್ಲಿ ಕಲ್ಲಿನ ಮೇಲೆ ಕೊರೆದ ದಾನಿಗಳ ಹೆಸರುಗಳಿವೆ. ಹಿಡಿ ಜೋಳವನ್ನು ಜೋಳಿಗೆಗೆ ಹಾಕಿ ಹೆಸರು ಹೇಳದೆ ಒಳನಡೆದ ತಾಯಂದಿರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಎರಡೂ ಬಗೆಯ ದಾನಿಗಳ ಋಣ ನಮ್ಮ ಮೇಲಿದೆ.

ನಿರಂತರ ಸಂಚಾರ, ಕಠೋರ ಅನುಷ್ಠಾನಗಳಲ್ಲಿ ದೇಹವನ್ನು ಸವೆಸಿದ ಕುಮಾರ ಶಿವಯೋಗಿಗಳು 1930ರಲ್ಲಿ ಲಿಂಗೈಕ್ಯರಾದರು. ಅವರು ತರುಣರಾಗಿದ್ದಾಗ ಯಾರ ಬಳಿ ವೇದಾಂತ ಶ್ರವಣ ಮಾಡಿದ್ದರೋ ಆ ಸಿದ್ಧಾರೂಢರು ಅದಕ್ಕೆ ಕೆಲವೇ ತಿಂಗಳುಗಳ ಹಿಂದೆ, 1929ರಲ್ಲಿ, ಹುಬ್ಬಳ್ಳಿಯಲ್ಲಿ ದೇಹವನ್ನಿಳಿಸಿದ್ದರು. ಮಾರ್ಗಗಳು ಬೇರೆಯಾದರೂ ಇಬ್ಬರೂ ಉತ್ತರ ಕರ್ನಾಟಕದ ಎದೆಯಲ್ಲಿ ಒಟ್ಟಿಗೇ ಉಳಿದಿದ್ದಾರೆ. ಶಿವಯೋಗಮಂದಿರದಲ್ಲಿರುವ ಕುಮಾರ ಶಿವಯೋಗಿಗಳ ಗದ್ದುಗೆಗೆ ಇಂದಿಗೂ ಭಕ್ತರು ಹಣೆ ಮಣಿಯುತ್ತಾರೆ. ಅದರ ಸುತ್ತ ವಟುಗಳ ಪಾಠದ ಧ್ವನಿ ಕೇಳಿಸುತ್ತದೆ.

ಏಕಾಂತದ ಆ ಬೆಟ್ಟ ಅವರಿಗೆ ಮತ್ತೆ ಮತ್ತೆ ನೆನಪಾಗಿರಲಿಲ್ಲವೇ? ಸಭೆ ಸಮಾರಂಭಗಳ, ಲೆಕ್ಕಪತ್ರಗಳ, ಒಡಕು ಮನಸ್ಸುಗಳನ್ನು ಹೊಂದಿಸುವ ದಣಿವಿನ ನಡುವೆ ಅಂತರಂಗದ ಮೌನ ಕೈತಪ್ಪಿತೆಂಬ ಭಯ ಮೂಡಿರಲಿಲ್ಲವೇ? ಸಂಸ್ಥೆಯನ್ನು ನಡೆಸುವವರೆಲ್ಲರಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಮೊದಲಿಗೆ ಮಕ್ಕಳಿಗಾಗಿ ಶಾಲೆ ಇರುತ್ತದೆ. ಎಚ್ಚರ ತಪ್ಪಿದರೆ ಶಾಲೆಗಾಗಿ ಮಕ್ಕಳು ಎಂಬಂತಾಗುತ್ತದೆ. ಕುಮಾರ ಶಿವಯೋಗಿಗಳು ದಿನದ ಗದ್ದಲ ಎಷ್ಟಿದ್ದರೂ ಅಂಗೈಯ ಲಿಂಗದ ಮುಂದೆ ಕೂರುವ ವೇಳೆಯನ್ನು ಬಿಡಲಿಲ್ಲ. ಆ ನಿಷ್ಠೆಯೇ ಅವರ ಸೇವೆಯನ್ನು ಬರಿಯ ಉದ್ಯೋಗವಾಗದಂತೆ ಕಾಯಿತು.

ಶಿಕ್ಷಕ ಬಂಧುಗಳು ಈ ಚರಿತ್ರೆಯಲ್ಲಿ ತಮ್ಮನ್ನೇ ಕಾಣಬಹುದು. ನಮ್ಮ ಮುಂದೆ ಕುಳಿತಿರುವ, ಪರೀಕ್ಷೆಯಲ್ಲಿ ಹಿಂದುಳಿದ, ಪ್ರಶ್ನೆ ಕೇಳಿ ಕೇಳಿ ಬೇಸರ ಬರಿಸುವ ಹುಡುಗನಲ್ಲಿ ಒಬ್ಬ ಹಾಲಯ್ಯನಿರಬಹುದು. ಕೊನೆಯ ಸಾಲಿನಲ್ಲಿ ತಡವರಿಸುವ ಮಗುವಿನ ಕಂಠದಲ್ಲಿ ಒಬ್ಬ ಪಂಚಾಕ್ಷರಿ ಇರಬಹುದು. ಅವರನ್ನು ಗುರುತಿಸುವ ಕಣ್ಣು ನಮಗಿರಬೇಕು. ಹಳೆಯ ವಿದ್ಯಾರ್ಥಿಗಳು ತಾವು ಉಂಡ ಪ್ರಸಾದವನ್ನು ಇನ್ನೊಂದು ಹಸಿದ ಮಗುವಿಗೆ ಮುಟ್ಟಿಸುವುದನ್ನು ಮರೆಯಬಾರದು. ಹಾಗೆ ನಡೆದರೆ, ಲಿಂಗದಹಳ್ಳಿಯ ಆ ಚಿಕ್ಕ ಶಾಲೆಯನ್ನು ಬಿಟ್ಟು ಅರಿವನ್ನರಸಿ ಹೊರಟ ಶಿಕ್ಷಕರು ತಿರುಗಿ ನಮ್ಮ ಶಾಲೆಗೇ ಬಂದರೆಂದು ನಾವು ನಂಬಬಹುದು. ಪರಮಪೂಜ್ಯರ ದಿವ್ಯ ಸ್ಮರಣೆಗೆ ಅನಂತ ಶರಣು.